ತೂಕದ ಚೀಟಿಯಿಂದ ಪುಸ್ತಕದ ಕಟ್ಟಿನವರೆಗೆ: ಬದಿಯಡ್ಕ ಕಡೆಯ ಸ್ವಯಂಪ್ರಕಾಶಕರೊಬ್ಬರ ಪ್ರಕರಣ

ಸ್ವಂತ ಖರ್ಚಿನಲ್ಲಿ ಪುಸ್ತಕ ತರುವ ಲೇಖಕ ಆ ಪುಸ್ತಕದ ಎಲ್ಲ ಕೆಲಸಕ್ಕೂ ತಾನೇ ಹೊಣೆ. ಆದರೆ ಎಲ್ಲವನ್ನೂ ತಾನೇ ಮಾಡಲು ಹೊರಟರೆ ಪುಸ್ತಕ ಕೆಡುತ್ತದೆ. ಯಾವ ಕೆಲಸವನ್ನು ಕೈಯಲ್ಲಿಟ್ಟುಕೊಳ್ಳಬೇಕು, ಯಾವುದನ್ನು ದುಡ್ಡು ಕೊಟ್ಟಾದರೂ ಬೇರೆಯವರಿಗೆ ಒಪ್ಪಿಸಬೇಕು ಎಂಬುದನ್ನು ತೀರ್ಮಾನಿಸುವಲ್ಲೇ ಹೆಚ್ಚಿನವರು ಎಡವುತ್ತಾರೆ.

ಇಲ್ಲಿ ಹೇಳಿರುವ ಲೇಖಕರು ಒಬ್ಬ ಮಾದರಿ ವ್ಯಕ್ತಿ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಪುಸ್ತಕ ತರುವವರ ಪರಿಸ್ಥಿತಿಯನ್ನು ಒಂದೇ ಕಡೆ ಇಟ್ಟು ನೋಡಲು ಅನುಕೂಲವಾಗುವಂತೆ ಈ ಪ್ರಕರಣವನ್ನು ಜೋಡಿಸಲಾಗಿದೆ. ಖರ್ಚು, ಮಾರಾಟದ ಅಂಕಿಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಮುದ್ರಣಾಲಯದ ದರ ಹಾಕಿ ಮತ್ತೆ ಕೂಡಿಸಿ ನೋಡಬೇಕು. ಅಚ್ಚು, ಅಂಚೆ, ಕಾನೂನಿನ ವಿವರಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ನಾಲ್ಕು ಕೆಲಸ, ನಾಲ್ಕು ಅಭ್ಯಾಸ

ಲೇಖಕರಿಗೆ ಈಗ 54 ವರ್ಷ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ, ಬಳಿಕ ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಪ್ರಿ-ಡಿಗ್ರಿ. ಓದು ಅಲ್ಲಿಗೆ ನಿಂತಿತು. ಮೊದಲು ಒಂದು ಸಣ್ಣ ಅಚ್ಚುಕೂಟದಲ್ಲಿ ಅಚ್ಚಿನ ಮೊಳೆ (ಲೋಹದ ಅಕ್ಷರ) ಜೋಡಿಸುವ ಕೆಲಸ: ಮದುವೆ ಕಾಗದ, ಯಕ್ಷಗಾನದ ಕರಪತ್ರ, ಬ್ರಹ್ಮಕಲಶದ ಆಮಂತ್ರಣ. ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಡಿಟಿಪಿ ಬಂದು ಮೊಳೆಗಳು ಮೂಲೆ ಸೇರಿದಾಗ ಅಡಿಕೆ ಖರೀದಿ ಕೇಂದ್ರದಲ್ಲಿ ತೂಕದ ಗುಮಾಸ್ತೆ. ಆಮೇಲೆ ಸರಕಾರಿ ಸೇವೆಗಳಿಗೆ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಮಲಯಾಳಂ ಅರ್ಜಿಗಳನ್ನು ಓದಿ ಹೇಳಿ, ಕನ್ನಡಿಗರಿಗೆ ಮನವಿ ಬರೆದುಕೊಡುವ ಕೆಲಸ. ಇವೆಲ್ಲದರ ಜತೆಗೆ ರಾತ್ರಿ ತಾಳಮದ್ದಳೆಯಲ್ಲಿ (ವೇಷವಿಲ್ಲದ ಯಕ್ಷಗಾನ ಕೂಟ) ಅರ್ಥ, ಅಂದರೆ ಪಾತ್ರದ ಮಾತು ಹೇಳುವುದು. ಸ್ಥಳೀಯ ಪತ್ರಿಕೆಗೆ ಅಂಕಣ ಬರೆಯಲು ತೊಡಗಿದ್ದು ಇಷ್ಟೆಲ್ಲ ಆದ ಮೇಲೆ.

ಇಷ್ಟು ಬಗೆಯ ದುಡಿಮೆ ಮಾಡಿದವರನ್ನು ನೋಡಿ ‘ಬರಹಕ್ಕೆ ಸರಕು ಸಿಕ್ಕಿತು’ ಎನ್ನುವುದು ವಾಡಿಕೆ. ಸರಕಿಗಿಂತ ಹೆಚ್ಚು ಬೆಲೆಬಾಳುವುದು ಆ ದುಡಿಮೆ ಕಲಿಸಿದ ಅಭ್ಯಾಸ. ಮೊಳೆ ಜೋಡಿಸಿದವನಿಗೆ ಸಾಲಿನ ಅಳತೆ ಕಣ್ಣಿನಲ್ಲೇ ಇರುತ್ತದೆ. ಒಂದು ಪದ ಹೆಚ್ಚಾದರೆ ಅದನ್ನು ಬೆರಳಿನಿಂದ ಎತ್ತಿ ತೆಗೆಯಬೇಕಾಗಿದ್ದ ಕಾಲದವನಿಗೆ ಹೆಚ್ಚಿನ ಪದ ಬರೆಯಲು ಮನಸ್ಸಾಗುವುದಿಲ್ಲ. ತೂಕದ ಮೇಜಿನ ಮುಂದೆ ಜನ ದುಡ್ಡಿನ ವಿಷಯ ಮಾತಾಡುತ್ತಾರೆ, ದುಡ್ಡಿನ ವಿಷಯ ಬಂದಾಗ ಯಾರೂ ಪುಸ್ತಕದ ಭಾಷೆ ಆಡುವುದಿಲ್ಲ. ಒಬ್ಬರು ತುಳುವಿನಲ್ಲಿ ಕೇಳಿದರೆ ಇನ್ನೊಬ್ಬರು ಹವ್ಯಕದಲ್ಲಿ ಉತ್ತರಿಸುತ್ತಾರೆ, ಮಗನಿಗೆ ಫೋನಿನಲ್ಲಿ ಮಲಯಾಳಂ. ಸಂಭಾಷಣೆ ಬರೆಯುವವನಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಇಲ್ಲ.

ಮನವಿ ಬರೆಯುವ ಕೆಲಸದ ಪಾಲು ಬೇರೆ ರೀತಿಯದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸರಕಾರದ ಜತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಅವಕಾಶ ಕೊಟ್ಟಿದೆ. ಆ ಅವಕಾಶ ಬಳಸಿ ಬರೆದ ಮನವಿ ಒಂದೇ ಪುಟದಲ್ಲಿರಬೇಕು: ಯಾರು, ಏನಾಯಿತು, ಯಾವಾಗ, ಏನು ಬೇಕು. ಮೊದಲ ಸಾಲಿನಲ್ಲೇ ವಿಷಯ ಬರದಿದ್ದರೆ ಮೇಜಿನ ಆಚೆಗಿರುವವರು ಓದುವುದಿಲ್ಲ. ತಾಳಮದ್ದಳೆಯ ಅಭ್ಯಾಸ ಇದಕ್ಕೆ ತೀರಾ ವಿರುದ್ಧ. ಅಲ್ಲಿ ಪೀಠಿಕೆ ಉದ್ದವಾದಷ್ಟೂ ಅರ್ಥಧಾರಿಗೆ ಗೌರವ. ಲೇಖಕರ ಮೊದಲ ಪುಸ್ತಕದ ಪ್ರಬಂಧಗಳು ಹೆಚ್ಚಿನವು ಪೀಠಿಕೆಯಲ್ಲೇ ಬಳಲಿದವು. ವಿಷಯ ಎರಡನೇ ಪುಟದಲ್ಲಿ ಶುರು. ತಾಳಮದ್ದಳೆಯಿಂದ ಬರಹಕ್ಕೆ ತಕ್ಕದ್ದು ಪೀಠಿಕೆ ಅಲ್ಲ, ವಾದ: ಎದುರಿನವನ ಮಾತನ್ನು ಅವನಿಗಿಂತ ಚೆನ್ನಾಗಿ ಎತ್ತಿಟ್ಟು ಆಮೇಲೆ ಉತ್ತರಿಸುವ ಕ್ರಮ. ಎರಡನೇ ಪುಸ್ತಕದಲ್ಲಿ ಅವರು ಉಳಿಸಿಕೊಂಡದ್ದು ಅದನ್ನೇ.

ಬರೆಯುವ ಕ್ರಮ

ತೂಕದ ಚೀಟಿಯ ಹಿಂಬದಿಯಲ್ಲಿ ಎರಡು ಸಾಲು ಗೀಚಿಡುವುದು, ಸಂಜೆ ಅದನ್ನು ನೋಟ್‌ಬುಕ್ಕಿಗೆ ಏರಿಸುವುದು ಲೇಖಕರ ಕ್ರಮ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ: ಆಡಿದ ಮಾತು, ಆಗ ಅವರ ಕೈ ಏನು ಮಾಡುತ್ತಿತ್ತು, ಯಾಕೆ ಹಾಗೆ ಅಂದಿರಬಹುದು. ಮೂರನೇ ಕಾಲಂ ಬಹುಪಾಲು ಖಾಲಿಯೇ ಇರುತ್ತದೆ, ಇರಬೇಕು ಕೂಡ. ಎರಡನೆಯದು ಖಾಲಿ ಉಳಿದರೆ ಆ ಟಿಪ್ಪಣಿ ಕಥೆಗೆ ಬರುವುದಿಲ್ಲ.

ಒಂದು ಸನ್ನಿವೇಶ ನೋಡಿ. ಬೆಳೆಗಾರ ಚಾಲಿ (ಒಣಗಿಸಿ ಸುಲಿದ) ಅಡಿಕೆ ತಂದಿದ್ದಾನೆ. ಖರೀದಿಯವನು ಗೋಣಿಗೆ ಮೊಣಕೈವರೆಗೆ ಕೈ ಹಾಕಿ ತಳದಿಂದ ಒಂದು ಹಿಡಿ ತೆಗೆದು, ನಾಲ್ಕು ಅಡಿಕೆಯನ್ನು ಕತ್ತರಿಯಲ್ಲಿ ಸೀಳಿ ನೋಡುತ್ತಾನೆ. ಮೊದಲ ಕರಡಿನಲ್ಲಿ ಇದ್ದದ್ದು: ‘ದರ ಕೇಳಿ ಅವನ ಮುಖ ಬಾಡಿತು, ವರ್ಷದ ಕನಸೆಲ್ಲ ನುಚ್ಚುನೂರಾಯಿತು.’ ಅಚ್ಚಾದದ್ದು: ‘“ಇದು ಪಟೋರಕ್ಕೆ” ಎಂದ. ಬೆಳೆಗಾರ ಏನೂ ಹೇಳದೆ ಗೋಣಿಯ ಬಾಯಿ ಕಟ್ಟಲು ತೊಡಗಿದ. ಹಗ್ಗ ಸಿಗಲಿಲ್ಲ. ಹಗ್ಗವನ್ನು ಅವನೇ ಹೆಗಲ ಮೇಲೆ ಹಾಕಿಕೊಂಡಿದ್ದ.’ ಪಟೋರ ಎಂದರೇನು ಎಂದು ಅಡಿಟಿಪ್ಪಣಿ ಹಾಕಿಲ್ಲ. ದರ ಇಳಿದದ್ದು ಘಟ್ಟದ ಮೇಲಿನ ಓದುಗನಿಗೂ ತಿಳಿಯುತ್ತದೆ, ಅಷ್ಟು ಸಾಕು.

ಕರಡು ಮುಗಿದ ಮೇಲೆ ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಕಾಗದ ನೋಡದೆ ಕೇಳಿಸಿಕೊಳ್ಳುವುದು ಅವರ ರೂಢಿ. ಉಸಿರು ಸಾಲದ ವಾಕ್ಯ, ಎರಡು ಬಾರಿ ಬಂದ ವಿಶೇಷಣ, ಎಲ್ಲ ಪಾತ್ರಗಳೂ ಒಂದೇ ದನಿಯಲ್ಲಿ ಮಾತಾಡುವ ದೋಷ ಕಿವಿಗೆ ಬೇಗ ಸಿಕ್ಕುತ್ತವೆ. ಆಮೇಲೆ ಆರು ವಾರ ಬದಿಗಿಡುತ್ತಾರೆ. ಈ ಬಿಡುವನ್ನು ತಪ್ಪಿಸಿದವರ ಪುಸ್ತಕ ಗುರುತು ಹಿಡಿಯುವುದು ಸುಲಭ, ಅಂಕಣದ ಅವಸರ ಪುಸ್ತಕದಲ್ಲೂ ಹಾಗೆಯೇ ಉಳಿದಿರುತ್ತದೆ.

ಹೊರಗಿನ ಓದಿಗೆ ಇಬ್ಬರು ಬೇಕು, ಇಬ್ಬರ ಕೆಲಸವೂ ಬೇರೆ. ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಕಾಗುಣಿತ, ವ್ಯಾಕರಣ, ಹೆಸರುಗಳ ಏಕರೂಪ ನೋಡುತ್ತಾರೆ. ಶಿವಮೊಗ್ಗವೋ ಮೈಸೂರೋ, ಗಡಿಯಿಂದ ದೂರದ ಇನ್ನೊಬ್ಬ ಓದುಗರು ಏನನ್ನೂ ತಿದ್ದುವುದಿಲ್ಲ. ಓದುತ್ತಾ ನಿಂತುಹೋದ ಕಡೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತಾರೆ, ಅಷ್ಟೆ. ಅಧ್ಯಾಪಕರು ಮೊದಲ ಬಾರಿ ಆಡುಮಾತನ್ನೆಲ್ಲ ಗ್ರಂಥಸ್ಥ ಕನ್ನಡಕ್ಕೆ ತಿದ್ದಿಟ್ಟಿದ್ದರು. “ಮಾಷ್ಟ್ರೇ, ಪಾತ್ರಗಳ ಮಾತು ಹಾಗೆಯೇ ಇರ್ಲಿ, ನನ್ನ ಮಾತು ಮಾತ್ರ ತಿದ್ದಿ” ಎಂದು ಹೇಳಿ ಒಪ್ಪಿಸಬೇಕಾಯಿತು. ಈ ಒಪ್ಪಂದ ಮೊದಲೇ ಬರಹದಲ್ಲಿದ್ದರೆ ಇಬ್ಬರಿಗೂ ಕ್ಷೇಮ: ಒಂದು ಹಾಳೆಯಲ್ಲಿ ಅಡಿಕೆಯೋ ಅಡಕೆಯೋ, ಸರಕಾರವೋ ಸರ್ಕಾರವೋ, ಅಂಕಿಗಳು ಯಾವ ಲಿಪಿಯಲ್ಲಿ, ಸಂಭಾಷಣೆಯಲ್ಲಿ ಏನನ್ನು ಮುಟ್ಟಬಾರದು ಎಂದು ಬರೆದು ಕರಡಿನ ಜತೆಗೇ ಕೊಡಬೇಕು.

ಅಕ್ಷರ ಮುರಿಯುವ ಜಾಗ

ಲೇಖಕರು ಮೊಬೈಲಿನಲ್ಲಿ ಟೈಪ್ ಮಾಡುತ್ತಾರೆ, ಅದು ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳಲ್ಲೂ ಅಕ್ಷರಕ್ಕೆ ಒಂದೇ ಸಂಕೇತ. ಡಿಟಿಪಿ ಅಂಗಡಿಯಲ್ಲಿ ಇನ್ನೂ ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಮತ್ತು ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟು. ಆ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರದ ತುಂಡುಗಳು ಕೂತಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಕಣ್ಣಿಗೆ ಕಾಣದ ಜೋಡಣೆ ಗುರುತುಗಳು ಬಿದ್ದುಹೋಗುತ್ತವೆ. ‘ಪಾರ್ಕ್‌ನಲ್ಲಿ’ ಎಂಬುದರ ನಡುವಿನ ಗುರುತು ಹೋದರೆ ನಕಾರ ಕ್‌ ಕೆಳಗೆ ಒತ್ತಾಗಿ ‘ಪಾರ್ಕ್ನಲ್ಲಿ’ ಆಗುತ್ತದೆ. ‘ರ‍್ಯಾಂಕ್’ನ ರಕಾರ ಅರ್ಕಾವತ್ತಾಗಿ ಆಚೆ ಹೋಗುತ್ತದೆ. ಮೂರು ವ್ಯಂಜನ ಕೂಡಿದ ಕಡೆ, ಅಂದರೆ ಸ್ತ್ರೀ, ರಾಷ್ಟ್ರ, ಲಕ್ಷ್ಮೀ, ಉಜ್ಜ್ವಲ ಇಂಥಲ್ಲಿ ಒಂದು ಒತ್ತು ಕಾಣೆಯಾಗಬಹುದು ಅಥವಾ ಮುಂದಿನ ಅಕ್ಷರದ ಮೇಲೆ ಹತ್ತಬಹುದು. ಫ಼, ಜ಼ಗಳ ಚುಕ್ಕಿ ಉಳಿಯುವುದು ಅಪರೂಪ. ಉದ್ಧರಣ ಚಿಹ್ನೆಗಳ ಜಾಗದಲ್ಲಿ ವಿಚಿತ್ರ ಅಕ್ಷರ ಬಂದು ಕೂರುತ್ತದೆ.

ಇದಕ್ಕೆ ಮದ್ದು ದೊಡ್ಡದೇನಲ್ಲ. ಪೂರ್ತಿ ಕಡತ ಕೊಡುವ ಮೊದಲು ಇಂಥ ಕಷ್ಟದ ಪದಗಳನ್ನೇ ತುಂಬಿದ ಒಂದು ಪುಟ ಕೊಟ್ಟು, ಅದೇ ಫಾಂಟಿನಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆಸಿ ನೋಡಬೇಕು. ಐದಕ್ಕಿಂತ ಹೆಚ್ಚು ಕಡೆ ಮುರಿದರೆ ಅಂಗಡಿ ಬದಲಿಸಿ ಎನ್ನುವುದು ನಮ್ಮ ಸಲಹೆ. ಪುಟ ಕಟ್ಟುವ ಈಗಿನ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಪಠ್ಯವನ್ನೇ ನೇರ ಹಾಕಬಹುದು, ಆದರೆ ಅದರ ಸೆಟ್ಟಿಂಗ್‌ನಲ್ಲಿ ಪ್ಯಾರಾಗ್ರಾಫ್ ಕಂಪೋಸರ್ ‘ವರ್ಲ್ಡ್-ರೆಡಿ’ ಎಂದಿರಬೇಕು. ಅದನ್ನು ಮರೆತರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ನಿಲ್ಲುತ್ತವೆ.

ಇನ್ನೊಂದು ತಪ್ಪಿನ ಬೆಲೆ ಗೊತ್ತಾಗುವುದು ಎರಡು ವರ್ಷ ಕಳೆದ ಮೇಲೆ. ಮೊದಲ ಪುಸ್ತಕದ ಮೂರು ಪ್ರೂಫಿನ ತಿದ್ದುಪಡಿಗಳೂ ಪೇಜ್‌ಮೇಕರ್ ಕಡತದಲ್ಲೇ ನಡೆದವು. ಇ-ಪುಸ್ತಕ ಮಾಡಲು ಹೊರಟಾಗ ಕೈಯಲ್ಲಿದ್ದ ಯೂನಿಕೋಡ್ ಕಡತ ತಿದ್ದದ ಹಳೆಯದು. ಅಚ್ಚಾದ ಪುಸ್ತಕ ನೋಡಿ ಮತ್ತೆ ಮೊದಲಿನಿಂದ ಎಲ್ಲ ತಿದ್ದಬೇಕಾಯಿತು. ಹಾಗಾಗಿ ಮೊದಲ ಪ್ರೂಫಿನ ತಿದ್ದುಪಡಿಗಳನ್ನು ಮೂಲ ಯೂನಿಕೋಡ್ ಕಡತದಲ್ಲೇ ಮಾಡಿ ಹೊಸದಾಗಿ ಪುಟ ಕಟ್ಟಿಸಬೇಕು. ಎರಡನೆಯ, ಮೂರನೆಯ ಪ್ರೂಫಿನವನ್ನು ಎರಡೂ ಕಡೆ ಮಾಡಬೇಕು. ಸಾಲು ಕೂಡಿಸಲು ಡಿಟಿಪಿಯವರು ಕೈಯಾರೆ ಹಾಕುವ ಅಡ್ಡಗೆರೆಯ ಮೇಲೂ ಕಣ್ಣಿರಲಿ. ಪಠ್ಯ ಒಂದು ಪದ ಸರಿದರೆ ಸಾಕು, ‘ಅಡಿ-ಕೆ’ ಎಂದು ಸಾಲಿನ ನಟ್ಟನಡುವೆ ಉಳಿದುಬಿಡುತ್ತದೆ. ಕೊನೆಯ ಪ್ರೂಫನ್ನು ಮೊಬೈಲಿನಲ್ಲಿ ಓದಬಾರದು. ಕಾಗದದ ಮೇಲೆ, ಕೊನೆಯ ಪುಟದಿಂದ ಹಿಂದಕ್ಕೆ.

ಪ್ರೂಫ್ ಓದುವ ಈ ಕೆಲಸ ಲೇಖಕರು ತಾವೇ ಮಾಡಬಾರದು. ಮೊಳೆ ಜೋಡಿಸಿ ಅನುಭವ ಇದ್ದವರೂ ಮಾಡಬಾರದು. ತಾನು ಬರೆದದ್ದನ್ನು ಓದುವಾಗ ಕಣ್ಣು ಕಾಗದವನ್ನು ಓದುವುದಿಲ್ಲ, ನೆನಪನ್ನು ಓದುತ್ತದೆ.

ಪುಟ, ಕಾಗದ, ಪ್ರತಿ

ಎರಡನೇ ಪುಸ್ತಕ 1/8 ಡೆಮಿ ಆಕಾರ (ಸುಮಾರು 5.5 × 8.5 ಇಂಚು), 160 ಪುಟ. ಒಂದು ದೊಡ್ಡ ಹಾಳೆಯಲ್ಲಿ ಅಚ್ಚಾಗುವ ಒಂದು ಫಾರಂ ಎಂದರೆ 16 ಪುಟ, ಹಾಗಾಗಿ ಸರಿಯಾಗಿ ಹತ್ತು ಫಾರಂ. ಪುಟ ಕಟ್ಟಿದಾಗ ಮೊದಲು ಬಂದದ್ದು 163. ಮೂರು ಪುಟಕ್ಕಾಗಿ ಅರ್ಧ ಫಾರಂ ಹೆಚ್ಚು ಕೊಟ್ಟು ಐದು ಪುಟ ಖಾಲಿ ಬಿಡುವ ಬದಲು ಒಂದು ಸಣ್ಣ ಪ್ರಬಂಧ ತೆಗೆದರು. ಅಕ್ಷರ 11.5 ಪಾಯಿಂಟ್, ಸಾಲಿನ ಅಂತರ 16. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುವುದರಿಂದ ಅಂತರ 14ಕ್ಕೆ ಇಳಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ, ಅಂದರೆ ಅಕ್ಷರದ ನೆತ್ತಿಯ ಗುರುತಿಗೆ ತಾಗುತ್ತದೆ. ಬೆನ್ನಿಗೆ ಅಂಟು ಹಾಕುವ ಬೈಂಡಿಂಗ್‌ನಲ್ಲಿ ಒಳಅಂಚು 18ರಿಂದ 20 ಮಿ.ಮೀ. ಇರಬೇಕು, ಇಲ್ಲದಿದ್ದರೆ ಸಾಲಿನ ಕೊನೆ ಓದಲು ಬೆನ್ನು ಮುರಿಯಬೇಕಾಗುತ್ತದೆ. 70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದದಲ್ಲಿ (ಚದರ ಮೀಟರಿಗೆ 70 ಗ್ರಾಂ ತೂಗುವುದು) 80 ಹಾಳೆಗೆ ಬೆನ್ನಿನ ದಪ್ಪ ಸುಮಾರು 8 ಮಿ.ಮೀ.; ಮುಖಪುಟ ಮಾಡುವವರಿಗೆ ಈ ಅಳತೆ ಕಾಗದ ಖಚಿತವಾದ ಮೇಲೆಯೇ ಕೊಡಬೇಕು.

ಈಗ ಲೆಕ್ಕ. ಡಿಟಿಪಿ ಪುಟಕ್ಕೆ 40 ರೂ. ಎಂದರೆ 6,400. ಪ್ರೂಫ್ ಪುಟಕ್ಕೆ 25, ಒಟ್ಟು 4,000. ಮುಖಪುಟ 4,000. ಮಾದರಿ ಪ್ರತಿ ಇತ್ಯಾದಿ 600. ಪ್ರತಿಗಳು ಎಷ್ಟೇ ಇರಲಿ, ಈ 15,000 ಬದಲಾಗುವುದಿಲ್ಲ. ಆಫ್‌ಸೆಟ್ ಮುದ್ರಣ, ಬೈಂಡಿಂಗ್ 500 ಪ್ರತಿಗೆ ತಲಾ 70 ಎಂದು ಹಿಡಿದರೆ 35,000, ಒಟ್ಟು 50,000. ಸಾವಿರ ಪ್ರತಿಗೆ ತಲಾ 52ಕ್ಕೆ ಇಳಿದು 52,000, ಒಟ್ಟು 67,000. ಅಂದರೆ ಒಂದು ಪ್ರತಿಗೆ ಬೀಳುವ ಖರ್ಚು 100ರಿಂದ 67ಕ್ಕೆ ಇಳಿಯಿತು. ಮೊದಲ ಪುಸ್ತಕಕ್ಕೆ ಸಾವಿರ ಹಾಕಿಸುವಂತೆ ಮಾಡಿದ್ದು ಈ ಇಳಿಕೆಯೇ.

ಮುಖಬೆಲೆ 200. ಉಚಿತವಾಗಿ ಹೋಗುವವು 50: ಕಾಯ್ದೆಯಂತೆ ಗ್ರಂಥಾಲಯಗಳಿಗೆ ಕಳುಹಿಸಬೇಕಾದ ಠೇವಣಿ ಪ್ರತಿ, ವಿಮರ್ಶೆಗೆ, ನೆರವಾದವರಿಗೆ. ಮಾರಾಟ 450 ಎಂದು ಹಿಡಿಯೋಣ. ಕೈಯಿಂದ ಕೈಗೆ 180 ರೂಪಾಯಿಯಂತೆ 250 ಪ್ರತಿ, 45,000. ಅಂಗಡಿಗೆ ಶೇ. 40 ಬಿಟ್ಟು 120 ಪ್ರತಿ, 14,400. ಗ್ರಂಥಾಲಯಗಳಿಗೆ ಶೇ. 35 ಬಿಟ್ಟು 80 ಪ್ರತಿ, 10,400. ಒಟ್ಟು 69,800, ಕಟ್ಟು, ಅಂಚೆಗೆ 3,000 ಕಳೆದರೆ 66,800. ಐನೂರು ಹಾಕಿಸಿದ್ದರೆ 16,800 ಉಳಿತಾಯ. ಸಾವಿರ ಹಾಕಿಸಿದ್ದರೆ 200 ರೂಪಾಯಿ ನಷ್ಟ, ಜತೆಗೆ 500 ಪುಸ್ತಕ ಮನೆಯಲ್ಲಿ. ಕೈಯಿಂದಲೇ ಮಾರಿದರೆ 278ನೇ ಪ್ರತಿಗೆ ಹಾಕಿದ ದುಡ್ಡು ಬರುತ್ತದೆ. ಆ 278 ಜನ ಯಾರು ಎಂದು ಹೆಸರು ಬರೆದು ಪಟ್ಟಿ ಮಾಡಲು ಆಗದಿದ್ದರೆ ಆಫ್‌ಸೆಟ್ ಬಿಟ್ಟು 100–200 ಪ್ರತಿ ಡಿಜಿಟಲ್ ಮಾಡಿಸುವುದು ಲೇಸು. ತಲಾ ಖರ್ಚು ಹೆಚ್ಚಾದರೂ ಸಿಕ್ಕಿಬೀಳುವ ದುಡ್ಡು ಕಡಿಮೆ.

ಮನೆಯಲ್ಲಿ ಉಳಿದ 500 ಪುಸ್ತಕ ಈ ನಾಡಿನಲ್ಲಿ ಸುಮ್ಮನೆ ಕೂತಿರುವುದಿಲ್ಲ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುವ ಜಿಲ್ಲೆ, ಮುರಕಲ್ಲಿನ ಗೋಡೆ ನೀರು ಎಳೆಯುತ್ತದೆ, ನೆಲದಿಂದ ಒರಳೆ (ಗೆದ್ದಲು) ಬರುತ್ತದೆ. ಮುಖಪುಟದ ಹೊರಮೈಗೆ ಮಾತ್ರ ಲ್ಯಾಮಿನೇಶನ್ ಇರುವುದರಿಂದ ಒಳಮೈ ತೇವ ಹೀರಿ ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ. ರಟ್ಟು ಹೊರಕ್ಕೆ ಸುರುಳುತ್ತದೆ. ಇಪ್ಪತ್ತಿಪ್ಪತ್ತರ ಕಟ್ಟು ಮಾಡಿ, ಪ್ಲಾಸ್ಟಿಕ್ ಸುತ್ತಿ, ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು, ಮಲಗಿಸಿ ಇಡಬೇಕು. ಮೇ ತಿಂಗಳ ಒಣ ದಿನಗಳಲ್ಲೇ ಕಟ್ಟಬೇಕು, ಮಳೆ ಹಿಡಿದ ಮೇಲೆ ಸುತ್ತಿದರೆ ತೇವ ಒಳಗೇ ಉಳಿದು ಬೂಸು ಬರುತ್ತದೆ. ಅಚ್ಚಿನಿಂದ ಬಂದ ದಿನವೇ ಬೇರೆ ಬೇರೆ ಕಟ್ಟಿನಿಂದ ಹತ್ತು ಪ್ರತಿ ತೆಗೆದು ಪುಟ ಸಂಖ್ಯೆ ಪೂರ್ತಿ ತಿರುವಿ ನೋಡಬೇಕು. ಫಾರಂ ಜೋಡಿಸುವಾಗ ಒಂದು ಬಿಟ್ಟುಹೋಗಿ ಇನ್ನೊಂದು ಎರಡು ಬಾರಿ ಸೇರುವುದುಂಟು. 32ನೇ ಪುಟ ಆದ ಮೇಲೆ 49 ಬಂದರೆ ಅದೇ ಕಾರಣ. ಆ ವಾರವೇ ಹೇಳಿದರೆ ಬದಲಿಸಿ ಕೊಡುತ್ತಾರೆ.

ಮಾರುವ ಕಾಲ, ಮಾರುವ ಜಾಗ

ಕನ್ನಡದಲ್ಲಿ ಲೇಖಕನೇ ಮಾರುವುದು ಹೊಸತಲ್ಲ. ಕಾದಂಬರಿಕಾರ ಗಳಗನಾಥರು ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿದವರು. ಇಲ್ಲೇ ಪಕ್ಕದ ಪುತ್ತೂರಿನಲ್ಲಿ ಶಿವರಾಮ ಕಾರಂತರು ತಮ್ಮದೇ ಮುದ್ರಣಾಲಯ ನಡೆಸಿ ತಮ್ಮ ಪುಸ್ತಕ ತಂದವರು. ಬರೆಯುವುದನ್ನು ಬಿಟ್ಟರೆ ಲೇಖಕ ಕೈಬಿಡಬಾರದ ಕೆಲಸ ಈ ಮಾರಾಟವೊಂದೇ.

ಬಿಡುಗಡೆಯನ್ನು ಜನವರಿ, ಫೆಬ್ರವರಿಯಲ್ಲಿ ಇಟ್ಟುಕೊಂಡದ್ದಕ್ಕೆ ಕಾರಣ ಇದೆ. ದೀಪಾವಳಿಯಿಂದ ಪತ್ತನಾಜೆಯವರೆಗೆ (ಮೇ ಕೊನೆಯ ವಾರ) ಯಕ್ಷಗಾನ, ಜಾತ್ರೆ, ಕೋಲ, ತಾಳಮದ್ದಳೆ ಎಂದು ಜನ ಸೇರುತ್ತಲೇ ಇರುತ್ತಾರೆ. ಮಾರ್ಚ್‌ನಲ್ಲಿ ಪರೀಕ್ಷೆ, ಜೂನ್‌ನಲ್ಲಿ ಶಾಲೆಯೂ ಮಳೆಯೂ ಒಟ್ಟಿಗೆ. ಬಿಡುಗಡೆಯ ದಿನ ಬರುವವರಲ್ಲಿ ಹೆಚ್ಚಿನವರು ಕೊಳ್ಳಲು ಮನಸ್ಸಿಟ್ಟೇ ಬರುತ್ತಾರೆ. ವೇದಿಕೆಯಲ್ಲಿ ಶಾಲು ಹಾರಕ್ಕೆ ಖರ್ಚು ಮಾಡಿ ಬಾಗಿಲಲ್ಲಿ ಪುಸ್ತಕದ ಮೇಜು ಇಡಲು ಮರೆಯುವುದು ದೊಡ್ಡ ನಷ್ಟ. ಮೇಜಿನ ಹತ್ತಿರ ಇಪ್ಪತ್ತರ ಚಿಲ್ಲರೆ, ಯುಪಿಐ ಕೋಡ್, ರಶೀದಿ ಪುಸ್ತಕ, ಎದ್ದು ಹೋಗದ ಒಬ್ಬ ವ್ಯಕ್ತಿ. ಲೇಖಕರು ಅಲ್ಲಿ ಕೂರಬಾರದು, ಪರಿಚಯದವರಿಂದ ದುಡ್ಡು ತೆಗೆದುಕೊಳ್ಳಲು ಸಂಕೋಚವಾಗಿ ಹತ್ತಿಪ್ಪತ್ತು ಪ್ರತಿ ಹಾಗೆಯೇ ಹೋಗುತ್ತವೆ.

ಗಡಿನಾಡಿನ ಲೇಖಕನಿಗೆ ಇರುವ ಒಂದು ಅನುಕೂಲವನ್ನು ಹಲವರು ಬಳಸುವುದೇ ಇಲ್ಲ. ಕೇರಳದ ಗ್ರಂಥಾಲಯ ವ್ಯವಸ್ಥೆಯಲ್ಲಿ ಊರೂರ ವಾಚನಾಲಯಗಳು ಲೈಬ್ರರಿ ಕೌನ್ಸಿಲ್‌ಗೆ ಸೇರಿದ್ದು, ಅನುದಾನದ ಹಣದಲ್ಲಿ ತಾವೇ ಪುಸ್ತಕ ಆರಿಸಿ ಕೊಳ್ಳುತ್ತವೆ. ಜಿಲ್ಲೆಯ ಪುಸ್ತಕೋತ್ಸವ ಅದಕ್ಕೆ ಸಂದರ್ಭ. ಕನ್ನಡ ಓದುಗರಿರುವ ವಾಚನಾಲಯಗಳಿಗೆ ಊರಿನದೇ ಲೇಖಕರ ಪುಸ್ತಕ ಬೇಕಿರುತ್ತದೆ, ತರಿಸುವ ದಾರಿ ಗೊತ್ತಿರುವುದಿಲ್ಲ. ಪಟ್ಟಿ, ರಿಯಾಯಿತಿ ದರ, ಬಿಲ್ಲಿನ ಮಾದರಿ ಹಿಡಿದು ಮೊದಲೇ ಹೋಗಿ ಮಾತಾಡಬೇಕು. ಗಡಿಯಾಚೆ ಕರ್ನಾಟಕದಲ್ಲಿ ಗ್ರಂಥಾಲಯಗಳಿಗಾಗಿ ಸರಕಾರದ ಸಗಟು ಖರೀದಿ ಇದೆ, ಕನ್ನಡ ಪುಸ್ತಕ ಪ್ರಾಧಿಕಾರದ ಯೋಜನೆಗಳಿವೆ. ಅರ್ಜಿ ಹಾಕಲೇಬೇಕು. ಆದರೆ ಆ ಹಣವನ್ನು ಮುದ್ರಣದ ಲೆಕ್ಕಕ್ಕೆ ಹಿಡಿಯಬಾರದು. ಆಯ್ಕೆ ಆಗುತ್ತದೋ ಇಲ್ಲವೋ, ಯಾವಾಗ ಬರುತ್ತದೋ ಲೇಖಕನ ಕೈಯಲ್ಲಿಲ್ಲ. ಪ್ರತಿಲಿಪಿ, ಮೈಲ್ಯಾಂಗ್‌ನಂಥ ಆನ್‌ಲೈನ್ ಓದಿನ ತಾಣಗಳಲ್ಲಿ ಕನ್ನಡ ಓದುಗರಿದ್ದಾರೆ. ಎರಡು ಬರಹ ಅಲ್ಲಿ ಇಟ್ಟರೆ ದೂರದವರಿಗೆ ಹೆಸರು ತಿಳಿಯುತ್ತದೆ.

ದೂರದ ಓದುಗರಿಗೆ ಅಂಚೆ. ಪುಸ್ತಕ ಕಳುಹಿಸಲೆಂದೇ ಅಂಚೆ ಇಲಾಖೆ 2025ರ ಮೇಯಲ್ಲಿ ಶುರುಮಾಡಿದ ‘ಜ್ಞಾನ ಪೋಸ್ಟ್’ನಲ್ಲಿ 300 ಗ್ರಾಂವರೆಗೆ 20 ರೂ., 5 ಕಿಲೊಗೆ 100 ರೂ., ತೆರಿಗೆ ಬೇರೆ. 160 ಪುಟದ ಈ ಪುಸ್ತಕದ ತೂಕ ಸುಮಾರು 190 ಗ್ರಾಂ, ಲಕೋಟೆ ರಟ್ಟು ಸೇರಿ 225. ಅದೇ ಕಾಗದದಲ್ಲಿ 240 ಪುಟ ಆದರೆ ಕಟ್ಟಿದ ಮೇಲೆ 300 ದಾಟುತ್ತದೆ. ಈ ದರಕ್ಕೆ ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರು ಅಚ್ಚಾಗಿರಬೇಕು, ಜಾಹೀರಾತು ಇರಬಾರದು. ಸಹಾಯ ಮಾಡಿದ ಅಂಗಡಿಯ ಜಾಹೀರಾತನ್ನು ಹಿಂದಿನ ರಕ್ಷಾಪುಟಕ್ಕೆ ಹಾಕಲು ಒಪ್ಪುವ ಮೊದಲು ಇದನ್ನು ನೆನೆಯಬೇಕು.

ಕಾಗದ ಪತ್ರ, ಹಕ್ಕು

ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆ ಕೊಡುವುದು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ. ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು, ಶುಲ್ಕ ಇಲ್ಲ; ದುಡ್ಡು ಕೇಳುವ ಮಧ್ಯವರ್ತಿಗಳ ಅಗತ್ಯ ಇಲ್ಲ. ಇ-ಪುಸ್ತಕಕ್ಕೆ ಬೇರೆ ಸಂಖ್ಯೆ ಬೇಕು. ಸಂಖ್ಯೆ ಬರಲು ಸಮಯ ಹಿಡಿಯುವುದರಿಂದ ಪುಟ ಕಟ್ಟಲು ಕೊಡುವಾಗಲೇ ಅರ್ಜಿ ಹೋಗಿರಬೇಕು. 1954ರ ಪುಸ್ತಕ ಠೇವಣಿ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಮತ್ತು ಚೆನ್ನೈ, ಮುಂಬಯಿ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳುಹಿಸಬೇಕು. ಅಂಚೆಯ ರಶೀದಿ ತೆಗೆದಿಡಿ. ಕೃತಿಸ್ವಾಮ್ಯ ಬರೆದಾಗಲೇ ಹುಟ್ಟುತ್ತದೆ, ಲೇಖಕರ ಜೀವಿತಾವಧಿ ಮತ್ತು ಆ ಬಳಿಕ 60 ವರ್ಷ, ನೋಂದಣಿ ಕಡ್ಡಾಯವಲ್ಲ.

ಈ ಲೇಖಕರ ಪುಸ್ತಕವನ್ನು ಮಲಯಾಳಂಗೆ ತರಲು ಕೇಳಿ ಬಂದಾಗ ಬಾಯಿಮಾತಿನಲ್ಲೇ ಒಪ್ಪುವ ಹಂತಕ್ಕೆ ಹೋಗಿತ್ತು. ಎರಡು ಭಾಷೆ ಪಕ್ಕಪಕ್ಕದಲ್ಲಿರುವ ಊರಿನಲ್ಲಿ ಇದು ಮತ್ತೆ ಮತ್ತೆ ಬರುವ ಸಂದರ್ಭ. ಹಕ್ಕು ಬಿಟ್ಟುಕೊಡುವುದು ಲಿಖಿತವಾಗಿ, ಸಹಿ ಸಹಿತ ಇರಬೇಕು. ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತ ಎಂದು ಹಿಡಿಯುತ್ತದೆ. ಕೊನೆಗೆ ಒಂದು ಪುಟದ ಕರಾರು ಆಯಿತು: ಮಲಯಾಳಂ ಅಚ್ಚು ಪುಸ್ತಕಕ್ಕೆ ಮಾತ್ರ, ಮೂರು ವರ್ಷಕ್ಕೆ, ಅಚ್ಚಿಗೆ ಮೊದಲು ಅನುವಾದ ಲೇಖಕರಿಗೆ ತೋರಿಸಬೇಕು, ಹತ್ತು ಪ್ರತಿ ಕೊಡಬೇಕು. ಮುಖಪುಟದ ಚಿತ್ರ ಈ ಕರಾರಿನಲ್ಲಿ ಸೇರುವುದಿಲ್ಲ ಎಂಬುದನ್ನೂ ಬರೆಯಲಾಯಿತು.

ಮಾರಾಟದ ವಹಿಯಲ್ಲಿ ಅವರು ಐದು ಕಾಲಂ ಇಡುತ್ತಾರೆ: ದಿನಾಂಕ, ಯಾರಿಗೆ, ಎಷ್ಟು, ದುಡ್ಡು ಬಂತೋ ಬಾಕಿಯೋ, ಎಲ್ಲಿಂದ ಕೇಳಿ ಬಂದರು. ಅಂಗಡಿಯ ಬಾಕಿಯನ್ನು ಮೂರು ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತಾರೆ. ಮಾರಾಟವಾಗದ ಪ್ರತಿಯನ್ನು ಮಳೆಗಾಲಕ್ಕೆ ಮೊದಲು ವಾಪಸು ತರುತ್ತಾರೆ. ಓದುಗರು ತೋರಿಸಿದ ಅಚ್ಚಿನ ತಪ್ಪುಗಳನ್ನು ಪುಟ ಸಂಖ್ಯೆ ಸಹಿತ ಅದೇ ವಹಿಯ ಹಿಂಬದಿಯಲ್ಲಿ ಬರೆದು, ಆ ದಿನವೇ ಮೂಲ ಕಡತದಲ್ಲಿ ತಿದ್ದುತ್ತಾರೆ. ಕೈಯಲ್ಲಿ 60 ಪ್ರತಿ ಉಳಿದಾಗ ಮರುಮುದ್ರಣದ ತೀರ್ಮಾನ. ಅದಕ್ಕಿಂತ ತಡವಾದರೆ ಅಚ್ಚಾಗಿ ಬರುವಷ್ಟರಲ್ಲಿ ಪುಸ್ತಕ ಕೇಳಿದವರಿಗೆ ಇಲ್ಲ ಎನ್ನಬೇಕಾಗುತ್ತದೆ, ಒಮ್ಮೆ ಇಲ್ಲ ಎನಿಸಿಕೊಂಡವರಲ್ಲಿ ಮತ್ತೆ ಕೇಳುವವರು ಕಡಿಮೆ.